ಪದದ ಬದಲು ಪದ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ವಿಷಯ ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಕಾವ್ಯವಾಚನ, ಯಕ್ಷಗಾನ, ಗಡಿಯ ಪ್ರಶ್ನೆ, ಹೊರನಾಡಿನ ಕನ್ನಡ ಶಾಲೆಗಳ ಅಳಿವು ಉಳಿವು, ಇವೆಲ್ಲ ಈ ವೇದಿಕೆಗೆ ಒಗ್ಗಿದ ವಿಷಯಗಳು. ಗಣಕದ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಬರೆದು ಕಂಪೈಲರನ್ನು ನಡೆಸುವ ವಿಚಾರ ಇವುಗಳ ನಡುವೆ ಎಲ್ಲಿಂದ ಬಂತು ಎಂದು ನೀವು ಕೇಳಿದರೆ ತಪ್ಪಿಲ್ಲ. ನನ್ನ ಉತ್ತರ ಇಷ್ಟೆ. ಇಲ್ಲಿ ಕುಳಿತಿರುವವರ ಮನೆಗಳಲ್ಲಿ ಮಗನೊ, ಮಗಳೊ, ಸೊಸೆಯೊ, ಅಳಿಯನೊ ಯಾರಾದರೊಬ್ಬರು ಈ ಕಸುಬಿನಿಂದಲೇ ಅನ್ನ ಉಣ್ಣುತ್ತಿದ್ದಾರೆ. ಹೀಗಿದ್ದರೂ ಗಣಕದಲ್ಲಿ ಕನ್ನಡ ಎಂಬ ಮಾತು ನಮ್ಮ ಸಭೆಗಳಲ್ಲಿ ಬಂದಾಗಲೆಲ್ಲ ಅಕ್ಷರ ಮೂಡಿಸುವುದರಲ್ಲಿಯೇ ನಿಂತುಬಿಡುತ್ತದೆ. ಅಕ್ಷರ ಮೂಡಿತು, ಸಂತೋಷ. ಆದರೆ ಆ ಯಂತ್ರಕ್ಕೆ ನಮ್ಮ ಭಾಷೆ ತಿಳಿಯಿತೆ? ಈ ಪ್ರಶ್ನೆಯನ್ನು ಆ ಕಸುಬಿನ ಒಳಗಿನಿಂದಲೇ ಎತ್ತಬೇಕೆಂಬುದು ನನ್ನ ಉದ್ದೇಶ.

ಮೊದಲು ಪಾರಿಭಾಷಿಕ ಪದಗಳ ಬಗ್ಗೆ ಒಂದು ಮಾತು. ಕಂಪೈಲರ್ ಎಂಬುದಕ್ಕೆ ಸಂಕಲಕ ಎಂಬ ಪದವನ್ನು ಕೆಲವರು ಬಳಸುತ್ತಾರೆ. ಕೆಲಸದವರ ಬಾಯಲ್ಲಿರುವುದು ಕಂಪೈಲರ್ ಆದ್ದರಿಂದ ನಾನು ಅದನ್ನೇ ಉಳಿಸಿಕೊಳ್ಳುತ್ತೇನೆ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಅನುವಾದಿಸುವ ತಂತ್ರಾಂಶವೇ ಕಂಪೈಲರ್. ಪ್ರೀಪ್ರೊಸೆಸರ್ ಎಂಬುದನ್ನು ಮಾತ್ರ ಪೂರ್ವಸಂಸ್ಕಾರಕ ಎಂದು ಕರೆಯುತ್ತೇನೆ, ಏಕೆಂದರೆ ಈ ಪದ ಅದರ ಕೆಲಸವನ್ನು ಚೆನ್ನಾಗಿ ಹೇಳುತ್ತದೆ. ಅಡುಗೆಗೆ ಮೊದಲು ಅಕ್ಕಿಯನ್ನು ಆರಿಸಿ ತೊಳೆದುಕೊಡುವವರಿರುವಂತೆ, ಕಂಪೈಲರಿನ ಕೈಗೆ ಹೋಗುವ ಮೊದಲು ಪ್ರೋಗ್ರಾಮಿನ ಪಠ್ಯವನ್ನು ಓದಿ ಹದಮಾಡಿ ಕೊಡುವ ಉಪಕರಣ ಇದು.

ಇದರ ಹುಟ್ಟು ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದ್ದು. ಅಲ್ಲಿ ಡೆನ್ನಿಸ್ ರಿಚಿ ಅವರು ಎಪ್ಪತ್ತರ ದಶಕದ ಆರಂಭದಲ್ಲಿ ಸಿ ಎಂಬ ಭಾಷೆಯನ್ನು ರೂಪಿಸಿದರು. 1972-73ರ ಸುಮಾರಿನಲ್ಲಿ, ಅಲನ್ ಸ್ನೈಡರ್ ಅವರ ಒತ್ತಾಯವೂ ಸೇರಿ, ಸಿ ಭಾಷೆಗೆ ಪೂರ್ವಸಂಸ್ಕಾರಕ ಬಂತು. ಮೊದಲಿಗೆ ಅದಕ್ಕೆ ಬರುತ್ತಿದ್ದುದು ಎರಡೇ ಕೆಲಸ: ಬೇರೊಂದು ಕಡತವನ್ನು ತಂದು ಇಲ್ಲಿ ಸೇರಿಸುವುದು, ಒಂದು ಪದ ಕಂಡಲ್ಲಿ ಅದರ ಬದಲು ಇನ್ನೊಂದನ್ನು ಇಡುವುದು. ಮೊದಲನೆಯದರ ಹೆಸರು ಇನ್‌ಕ್ಲೂಡ್, ಎರಡನೆಯದರ ಹೆಸರು ಡಿಫೈನ್. ಅನಂತರ ಮೈಕ್ ಲೆಸ್ಕ್, ಜಾನ್ ರೈಸರ್ ಮುಂತಾದವರು ಇದನ್ನು ಬೆಳೆಸಿದರು. ಆರಂಭದಲ್ಲಿ ಇದೊಂದು ಐಚ್ಛಿಕ ಅನುಬಂಧವಾಗಿತ್ತು. ಕಡತದ ತಲೆಯಲ್ಲಿ ಒಂದು ವಿಶೇಷ ಗುರುತು ಇಲ್ಲದಿದ್ದರೆ ಪೂರ್ವಸಂಸ್ಕಾರಕವನ್ನು ಕರೆಯುತ್ತಲೇ ಇರಲಿಲ್ಲವೆಂದು ರಿಚಿ ಅವರೇ ಮುಂದೆ ಬರೆದಿದ್ದಾರೆ. ಇಂದು ಅದಿಲ್ಲದೆ ಒಂದು ಸಿ ಪ್ರೋಗ್ರಾಮೂ ಬದುಕುವುದಿಲ್ಲ.

ಈ ಕೆಲಸ ನಡೆಯುವುದನ್ನು ಕಣ್ಣಾರೆ ನೋಡಬಹುದು. ರಿಚರ್ಡ್ ಸ್ಟಾಲ್‌ಮನ್ ಅವರು 1987ರಲ್ಲಿ ಮೊದಲು ಹೊರತಂದ ಜಿಸಿಸಿ ಎಂಬ ಕಂಪೈಲರ್ ಇಂದು ಯಾವ ಲಿನಕ್ಸ್ ಯಂತ್ರಕ್ಕಾದರೂ ಉಚಿತವಾಗಿ ಸಿಗುತ್ತದೆ. ಗುಂಡಿ ಒತ್ತುವ, ಚಿತ್ರ ತೋರಿಸುವ ಏರ್ಪಾಟುಗಳನ್ನು ಬದಿಗಿಟ್ಟು ಆಜ್ಞೆಯ ಸಾಲಿಗೆ ಬನ್ನಿ. ಜಿಸಿಸಿ ಎಂದು ಬರೆದು, ತೆರಪು ಬಿಟ್ಟು, ಕಡತದ ಹೆಸರು ಕೊಟ್ಟರೆ ಆ ಒಂದು ಸಾಲಿನ ಹಿಂದೆ ನಾಲ್ಕು ಕೆಲಸಗಳು ಒಂದಾದ ಮೇಲೊಂದು ನಡೆಯುತ್ತವೆ. ಪೂರ್ವಸಂಸ್ಕಾರ ಮೊದಲನೆಯದು. ಸಿ ಪಠ್ಯವನ್ನು ಅಸೆಂಬ್ಲಿ ಭಾಷೆಗೆ ಇಳಿಸುವುದು ಎರಡನೆಯದು. ಅದನ್ನು ಯಂತ್ರಸಂಕೇತವಾಗಿಸುವುದು ಮೂರನೆಯದು. ಬಿಡಿ ತುಂಡುಗಳನ್ನು ಜೋಡಿಸಿ ನಡೆಯಬಲ್ಲ ಕಡತವನ್ನು ಮಾಡುವುದು ನಾಲ್ಕನೆಯದು. ಆಜ್ಞೆಯ ನಡುವೆ ಒಂದು ಕಿರುಗೆರೆ ಹಾಕಿ ದೊಡ್ಡಕ್ಷರದ ಇ ಬರೆದರೆ ಮೊದಲನೆಯ ಹಂತಕ್ಕೇ ಕೆಲಸ ನಿಲ್ಲುತ್ತದೆ, ಸಿಕ್ಕಿದ್ದನ್ನು ಪರದೆಯ ಮೇಲೆ ಸುರಿಯುತ್ತದೆ. ದೊಡ್ಡಕ್ಷರದ ಎಸ್ ಬರೆದರೆ ಎರಡನೆಯದಕ್ಕೆ, ಚಿಕ್ಕಕ್ಷರದ ಸಿ ಬರೆದರೆ ಮೂರನೆಯದಕ್ಕೆ ನಿಲ್ಲುತ್ತದೆ.

ನಮ್ಮ ತರುಣರಿಗೆ ನಾನು ಹೇಳುವುದು ಇದು: ಆ ದೊಡ್ಡಕ್ಷರದ ಇ ಬಳಸಿ ಒಮ್ಮೆ ನೋಡಿ. ಒಂದು ನಮಸ್ಕಾರವನ್ನು ಪರದೆಯ ಮೇಲೆ ಮೂಡಿಸುವ ಐದು ಸಾಲಿನ ಪ್ರೋಗ್ರಾಮು ನೂರಾರು ಸಾಲುಗಳಾಗಿ ಹೊರಬರುತ್ತದೆ. ನೀವು ಬರೆದ ಐದು ಸಾಲು ಎಲ್ಲೋ ಬುಡದಲ್ಲಿ ಕುಳಿತಿರುತ್ತವೆ. ಅವುಗಳ ಮೇಲೆಲ್ಲ ಇನ್‌ಕ್ಲೂಡ್ ಮಾಡಿದ ಕಡತದ ಮಾತುಗಳು. ಅಷ್ಟರ ನಡುವೆ ಹ್ಯಾಶ್ ಗುರುತಿನಿಂದ ಆರಂಭವಾಗುವ ಪುಟ್ಟ ಸಾಲುಗಳೂ ಇರುತ್ತವೆ. ಮುಂದಿನ ಸಾಲು ಯಾವ ಕಡತದ ಎಷ್ಟನೆಯ ಸಾಲಿನಿಂದ ಬಂದದ್ದು ಎಂಬ ಲೆಕ್ಕ ಅವುಗಳಲ್ಲಿದೆ. ಇಲ್ಲಿ ಒಂದು ಸೌಜನ್ಯವಿದೆ. ಮುಂದೆ ಕಂಪೈಲರಿಗೆ ತಪ್ಪು ಕಂಡರೆ ಅದು ಈ ಉಬ್ಬಿದ ಪಠ್ಯದ ಏಳುನೂರನೆಯ ಸಾಲು ಎಂದು ಹೇಳದೆ, ಬರೆದವರ ಸ್ವಂತ ಕಡತದ ನಾಲ್ಕನೆಯ ಸಾಲು ಎಂದು ಹೇಳಬೇಕು. ಅದಕ್ಕಾಗಿ ಈ ವಿಳಾಸಗಳು. ಅನುವಾದ ಎಷ್ಟೇ ಆಗಲಿ, ಮೂಲ ಬರೆದವರಿಗೆ ಅವರ ಮೂಲದ ಮಾತಿನಲ್ಲಿಯೇ ಉತ್ತರ ಹೇಳಬೇಕೆಂಬ ನಿಯಮವನ್ನು ಈ ಕಸುಬು ಮೊದಲಿನಿಂದಲೂ ಗೌರವಿಸಿದೆ. ಈ ನಿಯಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಗುಣವನ್ನೂ ಹೇಳಬೇಕು. ಪೂರ್ವಸಂಸ್ಕಾರಕಕ್ಕೆ ಸಿ ಭಾಷೆಯ ವ್ಯಾಕರಣ ಬಾರದು. ಅದು ಪದಗಳನ್ನು ಗುರುತಿಸಬಲ್ಲದು, ವಾಕ್ಯವನ್ನು ಅರಿಯದು. ವರ್ಗ ಎಂದು ಬರೆದು ಆವರಣದಲ್ಲಿ ಯಾವುದನ್ನು ಕೊಟ್ಟರೂ ಅದನ್ನು ಅದರಿಂದಲೇ ಗುಣಿಸು ಎಂದು ಡಿಫೈನ್ ಮಾಡಿದೆವೆನ್ನಿ. ವರ್ಗ 5 ಎಂದರೆ 25 ಬರುತ್ತದೆ. ವರ್ಗ 3 + 2 ಎಂದು ಕೊಡಿ. ನಮ್ಮ ಮನಸ್ಸಿನಲ್ಲಿರುವುದು ಐದರ ವರ್ಗ, ಇಪ್ಪತ್ತೈದು. ಪೂರ್ವಸಂಸ್ಕಾರಕ ಕೂಡುವ ಗೋಜಿಗೆ ಹೋಗದೆ, ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಎರಡು ಕಡೆ ಇಡುತ್ತದೆ: 3 + 2 × 3 + 2. ಗುಣಾಕಾರ ಮೊದಲು ಎಂಬ ನಿಯಮದಂತೆ ನಡುವಿನ ಎರಡು ಮತ್ತು ಮೂರು ಸೇರಿ ಆರಾಗುತ್ತವೆ, ಉತ್ತರ 11 ಆಗುತ್ತದೆ. ಎಲ್ಲಿಯೂ ದೋಷದ ಸೂಚನೆ ಬರುವುದಿಲ್ಲ. ಅದಕ್ಕಾಗಿಯೇ ಅನುಭವಿಗಳು ಡಿಫೈನಿನಲ್ಲಿ ಎಲ್ಲಕ್ಕೂ ಆವರಣ ಹಾಕುತ್ತಾರೆ. ಪದದ ಬದಲು ಪದ ಇಡುವ ಯಂತ್ರ ಎಷ್ಟು ವಿಧೇಯವೋ ಅಷ್ಟೇ ಕುರುಡು. ಅದು ಮಾಡುವ ಕೆಡುಕು ಸದ್ದಿಲ್ಲದ್ದು.

ಈಗ ನಮ್ಮಂತೆಯೇ ಊರು ಬಿಟ್ಟು ಬಂದ ಇಬ್ಬರ ಕತೆ ಹೇಳುತ್ತೇನೆ. ಇಬ್ಬರೂ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಬೆಲ್ ಪ್ರಯೋಗಾಲಯಕ್ಕೆ ಹೋದವರು, ಇಬ್ಬರೂ ತಮ್ಮ ಮೆಚ್ಚಿನ ಭಾಷೆಯೊಂದನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋದವರು. ಮೊದಲನೆಯವರು ಸ್ಟೀಫನ್ ಬೋರ್ನ್. ಕೇಂಬ್ರಿಜ್‌ನಲ್ಲಿ ಅವರು ಆಲ್ಗಾಲ್ 68 ಎಂಬ ಭಾಷೆಯ ಕಂಪೈಲರಿನ ಕೆಲಸ ಮಾಡಿದ್ದರು. ಬೆಲ್ ಪ್ರಯೋಗಾಲಯದಲ್ಲಿ ಅವರು ಯುನಿಕ್ಸ್ ವ್ಯವಸ್ಥೆಗೆ ಹೊಸ ಶೆಲ್ ಬರೆದರು. ಶೆಲ್ ಎಂದರೆ ಬಳಕೆದಾರರ ಆಜ್ಞೆಗಳನ್ನು ಸಾಲುಸಾಲಾಗಿ ಓದಿ ನಡೆಸುವ ಪ್ರೋಗ್ರಾಮು. ಕಂಪೈಲರನ್ನು ಕರೆಯುವುದೂ ಅದರ ಮೂಲಕವೇ. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನೊಂದಿಗೆ ಅದು ಹೊರಬಂತು. ಅದನ್ನು ಸಿ ಭಾಷೆಯಲ್ಲಿ ಬರೆಯಬೇಕಾಗಿತ್ತು, ಆದರೆ ಬೋರ್ನ್ ಅವರ ಕೈ ಆಲ್ಗಾಲಿಗೆ ಪಳಗಿತ್ತು. ಅವರು ಪೂರ್ವಸಂಸ್ಕಾರಕದ ಮೊರೆಹೊಕ್ಕರು. ದೊಡ್ಡಕ್ಷರದ ಇಫ್ ಕಂಡರೆ ಸಿ ಭಾಷೆಯ ಇಫ್ ಮತ್ತು ಒಂದು ತೆರೆದ ಆವರಣ, ದೆನ್ ಕಂಡರೆ ಆವರಣ ಮುಚ್ಚಿ ಒಂದು ಪುಷ್ಪಾವರಣ ತೆರೆ, ಫಿ ಕಂಡರೆ ಅದನ್ನು ಮುಚ್ಚು, ಹೀಗೆ ಡಿಫೈನುಗಳ ಒಂದು ಪಟ್ಟಿ ಮಾಡಿಕೊಂಡರು. ಆ ಪಟ್ಟಿಯ ಬಲದಿಂದ ಇಡೀ ಶೆಲ್ಲನ್ನು ಆಲ್ಗಾಲಿನ ವೇಷದ ಸಿ ಭಾಷೆಯಲ್ಲಿ ಬರೆದರು.

ಪರಿಣಾಮವೇನಾಯಿತು? ಆಲ್ಗಾಲ್ ಬಲ್ಲವರು ಅದನ್ನು ಆಲ್ಗಾಲ್ ಎನ್ನಲಿಲ್ಲ, ಸಿ ಬಲ್ಲವರಿಗೆ ಅದು ಸಿ ಎನಿಸಲಿಲ್ಲ. 1984ರಲ್ಲಿ ಸಿ ಭಾಷೆಯನ್ನು ಅತ್ಯಂತ ಗೋಜಲಾಗಿ ಬರೆಯುವವರಿಗಾಗಿ ಒಂದು ವಿನೋದದ ಸ್ಪರ್ಧೆ ಆರಂಭವಾಯಿತು. ಅದಕ್ಕೆ ಪ್ರೇರಣೆಯಾದ ಬರಹಗಳಲ್ಲಿ ಈ ಶೆಲ್ಲಿನ ಪಠ್ಯವೂ ಒಂದು. ಮುಂದಿನ ಆವೃತ್ತಿಗಳಲ್ಲಿ ಅದನ್ನು ಸಾಮಾನ್ಯ ಸಿ ರೂಪಕ್ಕೆ ತಿರುಗಿಸಿ ಬರೆಯಲಾಯಿತು. ವೇಷ ಕಳಚಿತು.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಬೋರ್ನ್ ಅವರು ಅದೇ ಶೆಲ್ಲಿನ ಬಳಕೆದಾರರಿಗಾಗಿ ಒಂದು ಆಜ್ಞಾಭಾಷೆಯನ್ನೂ ರೂಪಿಸಿದ್ದರು. ಅಲ್ಲಿ ಇಫ್ ಎಂಬುದನ್ನು ತಿರುಗಿಸಿ ಬರೆದ ಫಿ, ಕೇಸ್ ಎಂಬುದನ್ನು ತಿರುಗಿಸಿ ಬರೆದ ಎಸಾಕ್, ಇವು ಆಲ್ಗಾಲ್ 68ರಿಂದ ಬಂದವು. ಡೂ ಎಂಬುದರ ತಿರುವಾದ ಓಡಿ ಎಂಬ ಹೆಸರಿನ ಬೇರೊಂದು ಆಜ್ಞೆ ಯುನಿಕ್ಸ್‌ನಲ್ಲಿ ಮೊದಲೇ ಇದ್ದುದರಿಂದ ಅಲ್ಲಿ ಮಾತ್ರ ಡನ್ ಎಂದು ಬಳಸಬೇಕಾಯಿತು. ಈ ಪದಗಳು ಅಳಿಯಲಿಲ್ಲ. ಇಂದು, ಈ ಕ್ಷಣ, ಜಗತ್ತಿನ ಎಲ್ಲ ಲಿನಕ್ಸ್ ಯಂತ್ರಗಳಲ್ಲಿಯೂ ಫಿ ಮತ್ತು ಎಸಾಕ್ ಕೆಲಸ ಮಾಡುತ್ತಿವೆ. ಒಬ್ಬರೇ ಮನುಷ್ಯ, ಒಂದೇ ಭಾಷೆಯ ಪ್ರೀತಿ, ಒಂದೇ ಪ್ರೋಗ್ರಾಮು. ಒಂದು ಕಡೆ ಆ ಪ್ರೀತಿ ಅಳಿಯಿತು, ಇನ್ನೊಂದು ಕಡೆ ಉಳಿಯಿತು. ಕಾರಣವೇನೆಂದರೆ, ಒಳಗಿನ ಪಠ್ಯದಲ್ಲಿ ಅವರು ಇನ್ನೊಂದು ಭಾಷೆಯ ಮೇಲೆ ಪದಗಳ ಹೊದಿಕೆ ಹೊದಿಸಿದ್ದರು. ಹೊರಗಿನ ಆಜ್ಞಾಭಾಷೆಯಲ್ಲಿ ಆ ಪದಗಳಿಗೆ ಅವುಗಳದ್ದೇ ವ್ಯಾಕರಣವನ್ನೂ ಅದನ್ನು ಅರಿತು ಓದುವ ಯಂತ್ರವನ್ನೂ ಒದಗಿಸಿದ್ದರು.

ಎರಡನೆಯವರು ಡೆನ್ಮಾರ್ಕಿನ ಬ್ಯಾರ್ನೆ ಸ್ಟ್ರೌಸ್ಟ್ರಪ್. ಅವರ ಗಂಟಿನಲ್ಲಿದ್ದದ್ದು ನಾರ್ವೆಯಲ್ಲಿ ಹುಟ್ಟಿದ ಸಿಮುಲಾ ಭಾಷೆಯ ಕ್ಲಾಸ್ ಎಂಬ ಕಲ್ಪನೆ. 1979ರಲ್ಲಿ ಬೆಲ್ ಪ್ರಯೋಗಾಲಯ ಸೇರಿದ ಅವರು ಸಿ ಭಾಷೆಗೆ ಆ ಕಲ್ಪನೆಯನ್ನು ತರಲು ಮೊದಲು ಬರೆದದ್ದು ಒಂದು ಪೂರ್ವಸಂಸ್ಕಾರಕವನ್ನೇ. ಅದರ ಹೆಸರು ಸಿಪ್ರೆ. ಅದರ ಮಿತಿ ಅವರಿಗೆ ಬೇಗ ತಿಳಿಯಿತು. ಅನಂತರ ಅವರು ಸಿಫ್ರಂಟ್ ಎಂಬುದನ್ನು ಬರೆದರು. 1985ರಲ್ಲಿ ಸಿ ಪ್ಲಸ್ ಪ್ಲಸ್ ಲೋಕಕ್ಕೆ ಬಂದದ್ದು ಈ ಸಿಫ್ರಂಟ್ ಮೂಲಕ. ಅದೂ ಕೊನೆಗೆ ಸಿ ಪಠ್ಯವನ್ನೇ ಹೊರಹಾಕುತ್ತಿತ್ತು. ಆ ಪಠ್ಯ ಮಾಮೂಲಿ ಸಿ ಕಂಪೈಲರಿಗೆ ಹೋಗುತ್ತಿತ್ತು. ಹಾಗಾಗಿ ಬಹಳ ಮಂದಿ ಅದನ್ನೂ ಪೂರ್ವಸಂಸ್ಕಾರಕವೆಂದೇ ಕರೆದರು. ಸ್ಟ್ರೌಸ್ಟ್ರಪ್ ಅದನ್ನು ಒಪ್ಪಲಿಲ್ಲ. ಸಿಫ್ರಂಟ್ ಪ್ರತಿಯೊಂದು ವಾಕ್ಯವನ್ನೂ ಅದರ ವ್ಯಾಕರಣಕ್ಕೂ ಅರ್ಥಕ್ಕೂ ಒಪ್ಪಿಸಿ ಪರೀಕ್ಷಿಸುತ್ತದೆ, ದೋಷವನ್ನು ತಾನೇ ಹೇಳುತ್ತದೆ, ಕೆಳಗಿನ ಸಿ ಕಂಪೈಲರ್ ಬರೀ ಕೂಲಿಯಾಳು, ಅದರ ಬಾಯಿಂದ ಬಳಕೆದಾರರು ಬೈಗುಳ ಕೇಳುವ ಹಾಗಿಲ್ಲ ಎಂಬುದು ಅವರ ವಾದದ ತಿರುಳು. ಇದು ಹೆಸರಿನ ಜಗಳವಾಗಿರಲಿಲ್ಲ. ತನ್ನ ಭಾಷೆಯನ್ನು ಅರಿತ ಅನುವಾದಕ ಯಾರು, ಪದ ಬದಲಿಸುವ ಗುಮಾಸ್ತ ಯಾರು ಎಂಬ ಗೆರೆಯನ್ನು ಅವರು ಎಳೆಯುತ್ತಿದ್ದರು. ಹೊಸ ಸೌಲಭ್ಯಗಳ ಭಾರ ಹೊರಲಾರದೆ ಸಿಫ್ರಂಟ್ 1993ರ ಸುಮಾರಿಗೆ ನಿಂತಿತು. ಆ ವೇಳೆಗೆ ಸಿ ಪ್ಲಸ್ ಪ್ಲಸ್‌ಗೆ ಸ್ವಂತ ಕಂಪೈಲರುಗಳಿದ್ದವು, ಅದು ಸ್ವಂತ ಕಾಲ ಮೇಲೆ ನಿಂತಿತ್ತು.

ಈ ಎರಡು ಕತೆಗಳನ್ನು ಕೈಯಲ್ಲಿ ಹಿಡಿದು ಕನ್ನಡಕ್ಕೆ ಬರೋಣ. ಕನ್ನಡದಲ್ಲಿಯೇ ಪ್ರೋಗ್ರಾಮು ಬರೆಯಬಹುದೆ? 2020ರಲ್ಲಿ ಬಂದ ಹತ್ತನೆಯ ಆವೃತ್ತಿಯಿಂದ ಜಿಸಿಸಿ, ಕನ್ನಡ ಲಿಪಿಯ ಹೆಸರುಗಳನ್ನು ನೇರವಾಗಿ ಬರೆದರೂ ಒಪ್ಪುತ್ತದೆ. ಆದ್ದರಿಂದ ಬೋರ್ನ್ ಅವರ ಉಪಾಯ ನಮಗೂ ತೆರೆದಿದೆ. ಒಂದು ಕಡತದಲ್ಲಿ, ಪೂರ್ಣಾಂಕ ಎಂದರೆ ಇಂಟ್, ಒಂದುವೇಳೆ ಎಂದರೆ ಇಫ್, ಇಲ್ಲದಿದ್ದರೆ ಎಂದರೆ ಎಲ್ಸ್, ಹಿಂದಿರುಗಿಸು ಎಂದರೆ ರಿಟರ್ನ್, ಮುದ್ರಿಸು ಎಂದರೆ ಪ್ರಿಂಟ್‌ಎಫ್ ಎಂದು ಡಿಫೈನುಗಳನ್ನು ಬರೆದಿಟ್ಟು, ಅದನ್ನು ಇನ್‌ಕ್ಲೂಡ್ ಮಾಡಿದರೆ ಪ್ರೋಗ್ರಾಮಿನ ಮೈಯೆಲ್ಲ ಕನ್ನಡ. ಅರ್ಧ ಗಂಟೆಯ ಕೆಲಸ. ಮಕ್ಕಳ ಮುಂದೆ ಮಾಡಿ ತೋರಿಸಿದರೆ ಅವರ ಕಣ್ಣು ಅರಳುವುದು ನಿಜ. ನಾನು ಇದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ನಾಲ್ಕು ಹೆಜ್ಜೆ ನಡೆದೊಡನೆ ತೊಡಕುಗಳು ಎದುರಾಗುತ್ತವೆ, ಆ ತೊಡಕುಗಳೇ ನಮಗೆ ಪಾಠ.

ಮೊದಲನೆಯದು ವಾಕ್ಯದ ಕ್ರಮ. ಇಫ್ ಎಂಬುದು ಇಂಗ್ಲಿಷಿನಲ್ಲಿ ವಾಕ್ಯದ ಮುಂದೆ ನಿಲ್ಲುತ್ತದೆ. ಕನ್ನಡದಲ್ಲಿ ಆ ಅರ್ಥ ಕ್ರಿಯಾಪದದ ಬಾಲದಲ್ಲಿದೆ. ಬೆಲೆ ನೂರಕ್ಕಿಂತ ಹೆಚ್ಚಾದರೆ, ಎನ್ನುತ್ತೇವೆ. ಆ ರೆ ಎಂಬ ಒಂದಕ್ಷರವೇ ನಮ್ಮ ಇಫ್. ಒಂದುವೇಳೆ ಎಂದು ಮುಂದೆ ಸೇರಿಸಿದರೂ ಬಾಲದ ರೆ ಬಿಡುವಂತಿಲ್ಲ. ಡಿಫೈನ್ ಪದವನ್ನು ಬದಲಿಸಬಲ್ಲದೇ ಹೊರತು ವಾಕ್ಯವನ್ನು ಹಿಂದುಮುಂದು ಮಾಡಲಾರದು.

ಎರಡನೆಯದು ವಿಭಕ್ತಿ. ಪೂರ್ವಸಂಸ್ಕಾರಕ ಇಡೀ ಪದವನ್ನು ಮಾತ್ರ ಹೋಲಿಸುತ್ತದೆ. ಬೆಲೆ ಎಂಬುದನ್ನು ಕಲಿಸಿದರೆ ಬೆಲೆಯನ್ನು, ಬೆಲೆಗೆ, ಬೆಲೆಯಿಂದ, ಬೆಲೆಯಲ್ಲಿ ಎಂಬವೆಲ್ಲ ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಬೇರೆ ಪದಗಳು. ಮೂರನೆಯದು ಅಂಕಿ. ಕನ್ನಡದ ಅಂಕಿಗಳು ಹೆಸರಿನ ನಡುವೆ ಅಕ್ಷರದಂತೆ ಬರಬಹುದು, ಸಂಖ್ಯೆಯಾಗಿ ಅವನ್ನು ಸಿ ಒಪ್ಪುವುದಿಲ್ಲ. ನಾಲ್ಕನೆಯದು ದೋಷಸೂಚನೆ. ಹಿಂದಿರುಗಿಸು ಎಂಬುದರ ಹಿಂದೆ ಒಂದು ಅರ್ಧವಿರಾಮ ಬಿಟ್ಟುಹೋದರೆ, ಕಂಪೈಲರ್ ರಿಟರ್ನ್ ಎಂಬ ಪದದ ಹಿಂದೆ ಅರ್ಧವಿರಾಮ ಬೇಕಿತ್ತು ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಆ ಪದವನ್ನು ನಾವು ಬರೆದೇ ಇಲ್ಲ. ಇತ್ತೀಚಿನ ಕಂಪೈಲರುಗಳು ಇದು ಇಂಥ ಪದದ ವಿಸ್ತರಣೆಯಲ್ಲಿ ಬಂದದ್ದು ಎಂಬ ಟಿಪ್ಪಣಿಯನ್ನು ಕೆಳಗೆ ಸೇರಿಸುತ್ತವೆ, ಅಷ್ಟು ಪುಣ್ಯ. ಆದರೂ ಮೂಲ ಬರೆದವರಿಗೆ ಮೂಲದ ಮಾತಿನಲ್ಲಿ ಉತ್ತರ ಎಂಬ ನಿಯಮ ಇಲ್ಲಿ ಮುರಿದುಬಿತ್ತು. ಎಲ್ಲ ಸರಿಯಾಗಿರುವ ತನಕ ಕನ್ನಡ, ತಪ್ಪಾದೊಡನೆ ಇಂಗ್ಲಿಷ್! ಕಷ್ಟಕಾಲದಲ್ಲಿ ಕೈಬಿಡುವ ಭಾಷೆಯನ್ನು ಯಾವ ಮಗು ನಂಬೀತು?

ಐದನೆಯದು ಅಕ್ಷರದೊಳಗಿನ ಸೂಕ್ಷ್ಮ. ಸಾಫ್ಟ್‌ವೇರ್ ಎಂದು ನಾವು ಬರೆಯುವಾಗ ಟಕಾರಕ್ಕೆ ವಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತೇವೆ. ಅದಿಲ್ಲದಿದ್ದರೆ ಸಾಫ್ಟ್ವೇರ್ ಎಂದಾಗುತ್ತದೆ. ಸಿ ಭಾಷೆಯ 2011ರ ಮಾನಕ ಹೆಸರುಗಳ ಒಳಗೆ ಈ ಸಂಕೇತಕ್ಕೆ ಎಡೆ ಕೊಟ್ಟಿತ್ತು. 2024ರಲ್ಲಿ ಪ್ರಕಟವಾದ, ಸಿ 23 ಎಂದು ಕರೆಯುವ ಮಾನಕ ಯೂನಿಕೋಡಿನ ಸಾಮಾನ್ಯ ನಿಯಮವನ್ನು ಅಳವಡಿಸಿಕೊಂಡಾಗ ಈ ಎಡೆ ಮುಚ್ಚಿತು. ನಿಯಮಕ್ಕೆ ಕಾರಣವಿಲ್ಲದಿಲ್ಲ, ಕಾಣದ ಸಂಕೇತವಿದ್ದರೆ ನೋಡಲು ಒಂದೇ ಆದ ಎರಡು ಹೆಸರುಗಳಿಂದ ಮೋಸ ನಡೆಯಬಹುದು. ಆದರೆ ಒಂದು ಭಾಷೆಗೆ ಅಪಾಯವಾದದ್ದು ಇನ್ನೊಂದು ಭಾಷೆಯ ಕಾಗುಣಿತಕ್ಕೆ ಅಗತ್ಯವಾಗಿರಬಹುದು. ಅಂಥ ತೀರ್ಮಾನಗಳು ನಡೆಯುವ ಸಮಿತಿಗಳಲ್ಲಿ ಕನ್ನಡದ ಕಾಗುಣಿತ ಬಲ್ಲವರ ದನಿ ಕೇಳಬೇಕು. ಇದು ಗಡಿಯ ಪ್ರಶ್ನೆಯಷ್ಟೇ ರಾಜಕೀಯದ ಪ್ರಶ್ನೆ ಎಂದು ನಾನು ತಿಳಿದಿದ್ದೇನೆ.

ಪ್ರೋಗ್ರಾಮು ಬರೆಯದವರಿಗೆ ಇದರಿಂದೇನು ಎಂದು ಕೇಳಬಹುದು. ಪದದ ಬದಲು ಪದ ಇಡುವ ಕುರುಡು ನಮ್ಮ ದಿನನಿತ್ಯದ ಬಾಳಿಗೆ ಬಂದುಬಿಟ್ಟಿದೆ. ಮೊಬೈಲಿಗೆ ಬರುವ ಕನ್ನಡ ಸಂದೇಶಗಳನ್ನು, ಹಣದ ಯಂತ್ರದ ಪರದೆಯ ಮೇಲಿನ ಕನ್ನಡವನ್ನು ಗಮನಿಸಿ. ಧಾರವಾಡ ಗೆ, ಬೆಂಗಳೂರು ಗೆ, ಶಾರದಾ ಅನ್ನು, ಖಾತೆ ಇಂದ. ಇದು ಏಕೆ ಹೀಗಾಗುತ್ತದೆ? ಇಂಗ್ಲಿಷಿನಲ್ಲಿ ಟು ಎಂದು ಬರೆದು ಮುಂದೆ ತೆರಪು ಬಿಟ್ಟರೆ ಯಾವ ಊರಿನ ಹೆಸರನ್ನು ತುಂಬಿದರೂ ವಾಕ್ಯ ಸರಿಯಾಗುತ್ತದೆ. ಅದೇ ಅಚ್ಚನ್ನು ಕನ್ನಡಕ್ಕೆ ತಂದು, ತೆರಪಿನ ಹಿಂದೆ ಗೆ ಎಂದು ಅಂಟಿಸಿದರು. ನಮ್ಮಲ್ಲಿ ಧಾರವಾಡಕ್ಕೆ, ಬೆಂಗಳೂರಿಗೆ, ಪುಣೆಗೆ, ಒಂದೇ ಚತುರ್ಥಿಗೆ ಮೂರು ರೂಪ. ರಾಮನಿಗೆ, ಸೀತೆಗೆ, ಗುರುವಿಗೆ, ಮರಕ್ಕೆ. ಈ ನಿಯಮಗಳು ಗುಟ್ಟಿನವಲ್ಲ. ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ ಎಂದು ಪ್ರಕರಣಗಳಾಗಿ ವಿಂಗಡಿಸಿ ನಮ್ಮ ಭಾಷೆಗೆ ಸೂತ್ರ ಹೇಳಿಟ್ಟಿದ್ದಾನೆ. ಸೂತ್ರ ರೂಪದ ಮಾತು ಯಂತ್ರಕ್ಕೂ ಹತ್ತಿರವಾದದ್ದು. ಸೂತ್ರವಿದ್ದೂ ಅದನ್ನು ಯಂತ್ರಕ್ಕೆ ಕಲಿಸುವ ಶ್ರಮ ತೆಗೆದುಕೊಳ್ಳದೆ, ಪದಪಟ್ಟಿಯೊಂದನ್ನು ಅನುವಾದ ಮಾಡಿಸಿ ತುಂಬಿದರೆ ಹೀಗಾಗುತ್ತದೆ.

ಈ ತೊಂದರೆಯ ಅರಿವು ಕಸುಬಿನವರಿಗಿದೆ. ತಂತ್ರಾಂಶದ ಸಂದೇಶಗಳನ್ನು ನಾನಾ ಭಾಷೆಗಳಿಗೆ ತರುವ ಗ್ನೂ ಗೆಟ್‌ಟೆಕ್ಸ್ಟ್ ಎಂಬ ಸಾಧನದ ಕೈಪಿಡಿ, ಅನುವಾದಕ್ಕೆ ತುಂಡು ಪದಗಳನ್ನು ಕೊಡಬೇಡಿ, ಪೂರ್ಣ ವಾಕ್ಯಗಳನ್ನೇ ಕೊಡಿ ಎಂದು ಸ್ಪಷ್ಟವಾಗಿ ವಿಧಿಸುತ್ತದೆ. ತೆರಪುಗಳಿಗೆ ಕ್ರಮಸಂಖ್ಯೆ ಕೊಟ್ಟು ಭಾಷೆಗೆ ತಕ್ಕಂತೆ ಅವುಗಳನ್ನು ಹಿಂದುಮುಂದು ಮಾಡುವ ಅನುಕೂಲವೂ ಇದೆ. ಇದರಿಂದ ವಾಕ್ಯಕ್ರಮದ ತೊಡಕು ನೀಗುತ್ತದೆ. ವಿಭಕ್ತಿಯ ತೊಡಕು ನೀಗಬೇಕಾದರೆ ಮಾತ್ರ ನಾಮಪದವನ್ನು ಕಂಡು ಸರಿಯಾದ ಪ್ರತ್ಯಯ ಹಚ್ಚಬಲ್ಲ ತಂತ್ರಾಂಶ ಬೇಕು. ಎಂದರೆ ಸಿಫ್ರಂಟಿನಂತೆ ಭಾಷೆಯನ್ನು ಅರಿತ ಅನುವಾದಕ ಬೇಕು.

ಈ ಕೆಲಸದಲ್ಲಿ ಹೊರನಾಡಿನವರಾದ ನಮ್ಮ ಪಾಲೇನು? ಗಣಕಕ್ಕೆ ಕನ್ನಡ ತಂದವರಲ್ಲಿ ಹೊರನಾಡಿನಲ್ಲಿ ದುಡಿದವರ ಪಾಲು ದೊಡ್ಡದು. ಇಂದು ಕರ್ನಾಟಕ ಸರ್ಕಾರ ಅಧಿಕೃತವೆಂದು ಒಪ್ಪಿರುವ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದು, ಅವರು ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು. ಇನ್ನೊಂದು ಅನುಕೂಲವೂ ನಮಗುಂಟು. ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯ ಹಿಂದೆ ಅಂಟುವುದು ಕನ್ನಡದ ಒಂಟಿ ಕಷ್ಟವಲ್ಲ. ತಮಿಳಿಗೂ ತೆಲುಗಿಗೂ ಮರಾಠಿಗೂ ಇದೇ ಕಷ್ಟ. ಚೆನ್ನೈ, ಹೈದರಾಬಾದು, ಪುಣೆಗಳಲ್ಲಿ ನೆಲೆಸಿ ನೆರೆಯ ಭಾಷೆಯನ್ನೂ ಬಲ್ಲ ಕನ್ನಡಿಗರಿಗಿಂತ ಈ ಸಮಾನ ಕಷ್ಟವನ್ನು ಯಾರು ಚೆನ್ನಾಗಿ ಬಲ್ಲರು? ನೆರೆಯವರ ಜೊತೆ ಜಗಳ ಕಾಯುವ ವಿಷಯಗಳು ನಮಗೆ ಸಾಕಷ್ಟಿವೆ. ಜೊತೆಗೂಡಿ ಮಾಡುವ ಕೆಲಸ ಇಲ್ಲೊಂದಿದೆ.

ಸಂಘದ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಒಂದು, ವರ್ಷಕ್ಕೊಂದು ದಿನ ನಮ್ಮ ಮಕ್ಕಳಿಗೆ ಆಜ್ಞೆಯ ಸಾಲಿನಲ್ಲಿ ಕಂಪೈಲರ್ ನಡೆಸುವುದನ್ನು ಕನ್ನಡದಲ್ಲಿಯೇ ಕಲಿಸಿ. ಕನ್ನಡದ ಡಿಫೈನುಗಳಿಂದಲೇ ಆರಂಭಿಸಿ, ಅವು ಎಲ್ಲಿ ಮುರಿಯುತ್ತವೆ ಎಂಬುದನ್ನು ತೋರಿಸಿ. ಕನ್ನಡ ವ್ಯಾಕರಣವನ್ನು ಅವರು ಶಾಲೆಯಲ್ಲಿ ಓದುವುದಿಲ್ಲ. ಈ ದಾರಿಯಿಂದಲಾದರೂ ವಿಭಕ್ತಿ ಎಂದರೇನು ಎಂಬ ಕುತೂಹಲ ಹುಟ್ಟಲಿ. ಎರಡು, ನಮ್ಮ ಊರುಗಳ, ಬಡಾವಣೆಗಳ, ಮನೆಮಂದಿಯ ಹೆಸರುಗಳಿಗೆ ಪ್ರತ್ಯಯ ಹಚ್ಚಿದಾಗ ನಾವು ನಿಜವಾಗಿ ಆಡುವ ರೂಪವೇನು ಎಂಬುದನ್ನು ಸಂಗ್ರಹಿಸಿ ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡಿ. ಹೈದರಾಬಾದಿಗೆ ಎನ್ನುತ್ತೇವೆಯೆ, ಹೈದರಾಬಾದ್‌ಗೆ ಎನ್ನುತ್ತೇವೆಯೆ? ಇದನ್ನು ತೀರ್ಮಾನಿಸಬೇಕಾದವರು ಅಲ್ಲಿ ನೆಲೆಸಿ ಕನ್ನಡವಾಡುವವರು, ನಿಘಂಟಿನ ಕೋಣೆಯಲ್ಲಿ ಕುಳಿತವರಲ್ಲ. ಮೂರು, ಯೂನಿಕೋಡ್ ಒಕ್ಕೂಟ ಭಾಷೆಭಾಷೆಗಳ ತಿಂಗಳು, ವಾರ, ನಾಣ್ಯ, ಅಳತೆಗಳ ಹೆಸರುಗಳನ್ನು ಕಲೆಹಾಕುವ ಸಿಎಲ್‌ಡಿಆರ್ ಎಂಬ ಕಣಜಕ್ಕೆ ಸ್ವಯಂಸೇವಕರಿಂದಲೂ ಮಾಹಿತಿ ಪಡೆಯುತ್ತದೆ. ನಮ್ಮಲ್ಲಿ ಬಿಡುವಿರುವ ನಿವೃತ್ತರು, ವಿಶೇಷವಾಗಿ ಕನ್ನಡ ಮೇಷ್ಟರಾಗಿದ್ದವರು, ತರುಣರ ಜೊತೆ ಕುಳಿತು ಅಲ್ಲಿಯ ಕನ್ನಡವನ್ನು ತಿದ್ದಲಿ.

ಪೂರ್ವಸಂಸ್ಕಾರಕದ ಇನ್ನೊಂದು ಸೌಲಭ್ಯವನ್ನು ಹೇಳಿ ಮುಗಿಸುತ್ತೇನೆ. ಇಫ್‌ಡೆಫ್ ಎಂಬ ಆಜ್ಞೆಯಿಂದ ಒಂದೇ ಮೂಲದಲ್ಲಿ ಬೇರೆ ಬೇರೆ ನೆಲಗಳಿಗೆ ಬೇಕಾದ ಭಾಗಗಳನ್ನು ಬರೆದಿಡಬಹುದು. ಕಂಪೈಲ್ ಮಾಡುವಾಗ ಆಜ್ಞೆಯ ಸಾಲಿನಲ್ಲಿ ಕಿರುಗೆರೆ ಹಾಕಿ ದೊಡ್ಡಕ್ಷರದ ಡಿ ಬರೆದು ಇದು ಇಂಥ ಯಂತ್ರ ಎಂದು ಹೇಳಿದರೆ, ಅಲ್ಲಿಗೆ ಬೇಕಾದ ಭಾಗ ಮಾತ್ರ ಉಳಿದು ಬೇರೆಯದು ಕಂಪೈಲರಿನ ಕೈಗೆ ಹೋಗುವುದೇ ಇಲ್ಲ. ಮೂಲ ಕಡತದಲ್ಲಿ ಅದು ಇದ್ದೇ ಇರುತ್ತದೆ. ಆದರೆ ಕಸುಬಿನವರಿಗೆ ಒಂದು ಅನುಭವವುಂಟು: ಬಹುಕಾಲ ಕಂಪೈಲ್ ಆಗದೆ ಉಳಿದ ಭಾಗ ಸದ್ದಿಲ್ಲದೆ ಕೆಡುತ್ತದೆ. ಸುತ್ತಲಿನದೆಲ್ಲ ಬದಲಾಗುತ್ತದೆ, ಅದು ಮಾತ್ರ ಹಳೆಯ ಹೆಸರುಗಳನ್ನು ಹಿಡಿದು ಕುಳಿತಿರುತ್ತದೆ. ಮುಂದೊಂದು ದಿನ ಬೇಕೆಂದು ಕರೆದಾಗ ಸಾಲುಸಾಲಿಗೂ ದೋಷ. ನಮ್ಮ ಹೊರನಾಡ ಮನೆಗಳಲ್ಲಿ ಕನ್ನಡ ಈ ಸ್ಥಿತಿಗೆ ಬಾರದಿರಬೇಕಾದರೆ ರಾಜ್ಯೋತ್ಸವದ ದಿನ ಅದನ್ನು ತೆರೆದು ನೋಡಿದರೆ ಸಾಲದು, ಕೆಲಸಕ್ಕೆ ಹಚ್ಚಬೇಕು. ನಮ್ಮ ಮಕ್ಕಳು ಹಗಲೆಲ್ಲ ಯಾವ ಯಂತ್ರದ ಮುಂದೆ ಕೂರುತ್ತಾರೋ ಆ ಯಂತ್ರದ ಕೆಲಸಕ್ಕೇ ಹಚ್ಚಬೇಕು, ಅದರ ವ್ಯಾಕರಣ ಸಮೇತ.